ಎತ್ತಿನ ಸೋಮವಾರ

ಮೊನ್ನೆ ನಮ್ಮ ಅಂಗಳದಲ್ಲಿ ಹಾಸಿಗೆ ಹೊಲಿಯುವ ಸಾಬರು ಹಳೆಯ ಗಾದಿಯನ್ನು ಬಿಚ್ಚಿ ಹತ್ತಿಯನ್ನೆಲ್ಲ ಗುಡ್ಡೆ ಹಾಕಿದರು. ಬಿಸಿಲಿಗೆ ಅದರಿಂದ ಎದ್ದ ಧೂಳಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕೈಲಿದ್ದ ಮೊರ ಕೆಳಗಿಟ್ಟು ನಿಂತುಬಿಟ್ಟೆ. ನಿಮಗೂ ಹೀಗಾಗುವುದುಂಟೋ ಏನೋ. ನನಗಂತೂ ಹತ್ತಿಯ ವಾಸನೆ ಬಂದರೆ ದೊಡ್ಡಪ್ಪನ ಜಗಲಿ ನೆನಪಾಗುತ್ತದೆ, ಜಗಲಿ ನೆನಪಾದರೆ ಅನುಮಾನ ಶುರುವಾಗುತ್ತದೆ.

ಅನುಮಾನ ನಮ್ಮ ಮನೆತನದ ಆಸ್ತಿ. ಇವತ್ತಿಗೂ ನಾನು ಹಾಲಿನವಳ ಎದುರಿಗೇ ಹಾಲಿಗೆ ಬೆರಳದ್ದಿ ನೋಡುತ್ತೇನೆ. ಮಳೆ ಬರುತ್ತದೆ ಎಂದು ಯಾರಾದರೂ ಹೇಳಿದರೆ, ಹಾಗೆ ಹೇಳಿ ಇವರಿಗೇನು ಲಾಭ ಎಂದು ಯೋಚಿಸುತ್ತೇನೆ. ಮೊಮ್ಮಗಳು ನಗುತ್ತಾಳೆ, ನಗಲಿ. ದೊಡ್ಡಪ್ಪನ ಮುಂದೆ ನಾನು ಏನೇನೂ ಅಲ್ಲ. ಮಠದಿಂದ ಪ್ರಸಾದ ಬಂದರೂ ‘ಈ ಸಲ ಯಾಕೆ ಜಾಸ್ತಿ ಕಳಿಸ್ಯಾರೆ?’ ಎಂದು ಕೇಳಿ, ಆಮೇಲೆ ಕಣ್ಣಿಗೊತ್ತಿಕೊಳ್ಳುತ್ತಿದ್ದ ಮನುಷ್ಯ ಅವರು.

ಅದು ಮಹಾರಾಜರ ಕಾಲ. ನಮ್ಮೂರು ದುರ್ಗದಿಂದ ಒಂದು ಹರಿದಾರಿ ದೂರ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವನಿಗೆ ಬಿಡುವಿನ ದಿನ. ಎತ್ತಿಗೆ ಬಿಡುವಾದರೆ ಒಡೆಯನಿಗೂ ಬಿಡುವು. ಹೀಗಾಗಿ ಸೋಮವಾರ ಎತ್ತುಗಳ ಮೈ ತೊಳೆದ ಮೇಲೆ ಊರಿನ ಹಿರಿಯರು ನಮ್ಮ ಜಗಲಿಯಲ್ಲಿ ಸೇರುತ್ತಿದ್ದರು. ಕೆಲಸದಿಂದ ನಿವೃತ್ತರಾಗಿದ್ದ ಮೇಷ್ಟ್ರು ಹಳೆಯ ಪತ್ರಿಕೆಯೊಂದನ್ನು ಗಟ್ಟಿಯಾಗಿ ಓದುವರು. ಓದಿ ಮುಗಿಸುವ ಮೊದಲೇ ದೊಡ್ಡಪ್ಪ ‘ಇದನ್ನ ಬರೆಸಿದೋರು ಯಾರು?’ ಎನ್ನುವರು. ಅಲ್ಲಿಂದ ವಾದ ಶುರು. ಇನ್ನೂ ಎಳೆಯ ಹುಡುಗಿಯಾಗಿದ್ದ ನಾನು ಬಾಗಿಲ ಹಿಂದೆ ಕುಳಿತು ಹೆಸರುಕಾಳಿನ ಕಲ್ಲು ಆರಿಸುತ್ತಾ ಎಲ್ಲವನ್ನೂ ಕೇಳುತ್ತಿದ್ದೆ.

ಆಗಷ್ಟೇ ದುರ್ಗದ ದಾರಿಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಯೊಂದು ಆಗಿತ್ತು. ಊರವರ ಹತ್ತಿಯೆಲ್ಲ ಅಲ್ಲಿಗೇ. ರಾಶಿ ಹಾಕಿದ ಹತ್ತಿ ಕಳುವಾಗುತ್ತದೆಂದು ಎಲ್ಲರಿಗೂ ಗುಮಾನಿ. ಕಾವಲುಗಾರನಿಗೆ ಬಂದೂಕು ಕೊಡಿಸಬೇಕು, ಅರ್ಜಿಗೆ ರೈತರೂ ಸಹಿ ಹಾಕಿ ಎಂದು ಕಾರ್ಖಾನೆಯವರು ಹೇಳಿ ಕಳಿಸಿದರು.

“ಬ್ಯಾಡ್ರಿ, ಗುಂಡು ಹಾರಿದ್ಮೇಲೆ ವಾಪಸ್ ಕರೆಯಾಕೆ ಆಗಲ್ಲ” ಎಂದರು ಮೇಷ್ಟ್ರು.

“ಕಳ್ಳನಿಗೆ ಭಯ ಬ್ಯಾಡ್ವೇನ್ರಿ? ನಿಮಗೆ ಹೊಲ ಇಲ್ಲ, ಅದ್ಕೆ ಹಿಂಗೆ ಮಾತಾಡ್ತೀರಿ” ಎಂದು ದೊಡ್ಡಪ್ಪ ಎಲ್ಲರಿಗಿಂತ ಮೊದಲು ಸಹಿ ಹಾಕಿದರು.

ಇನ್ನೊಂದು ಸೋಮವಾರ ಬಂದ ಸುದ್ದಿ ಬೇರೆ. ಕಾರ್ಖಾನೆಗಳಲ್ಲಿ ಎಳೆಯ ಮಕ್ಕಳಿಂದ ದುಡಿಸಬಾರದೆಂದು ಸರ್ಕಾರ ಕಾಯಿದೆ ತರುತ್ತದಂತೆ. ದೊಡ್ಡಪ್ಪ ಮೀಸೆಯ ಮೇಲೆ ಕೈಯಾಡಿಸಿದರು. “ಇದರಾಗೆ ಏನೋ ಐತೆ. ಇವತ್ತು ಕಾರ್ಖಾನೆ ಅಂತಾರೆ, ನಾಳೆ ನಮ್ಮ ಹೊಲಕ್ಕೆ ಬಂದು ಕಳೆ ಕೀಳೋ ಹುಡುಗ್ರನ್ನ ಎಣಿಸ್ತಾರೆ.” ಎಲ್ಲರೂ ಹೌದೌದು ಎಂದರು. ಹೆಸರುಕಾಳಿಗೂ ಅಂಥದೊಂದು ಕಾಯಿದೆ ಬರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ಕಾಯಿದೆಗಿಂತ ಬಂದೂಕು ಬೇಗ ಬಂತು. ಸುಗ್ಗಿ ಮುಗಿಯುವ ಹೊತ್ತಿಗೆ, ಒಂದು ಮುಸ್ಸಂಜೆ, ಕಾವಲುಗಾರನ ಕಣ್ಣಿಗೆ ಹತ್ತಿಯ ರಾಶಿ ಅಲುಗಾಡಿದಂತೆ ಕಂಡಿತು. ಕಳ್ಳನೆಂದುಕೊಂಡು ಗುಂಡು ಹಾರಿಸಿದ. ಒಳಗಿದ್ದದ್ದು ನಮ್ಮೂರ ಸಿದ್ದವ್ವನ ಮಗಳು ಗಂಗಿ, ನನ್ನದೇ ವಯಸ್ಸಿನವಳು. ದಿನವೆಲ್ಲ ಬುಟ್ಟಿಯಲ್ಲಿ ಯಂತ್ರಕ್ಕೆ ಹತ್ತಿ ಹೊತ್ತು ಸಾಕಾಗಿ, ರಾಶಿಯೊಳಗೆ ತೂರಿಕೊಂಡು ನಿದ್ದೆ ಹೋಗಿದ್ದಳು. ಜೀವ ಉಳಿಯಿತು. ಕಾಲಿನೊಳಗೆ ಬಂದೂಕಿನ ಚರೆಗಳು ಹೊಕ್ಕಿದ್ದವು.

ಮಾರನೆಯ ದಿನವೇ ಕಾರ್ಖಾನೆಯ ಗುಮಾಸ್ತ ನಮ್ಮ ಜಗಲಿಗೆ ಬಂದ. “ಆ ಹುಡುಗಿ ನಮ್ಮ ಆಳಲ್ರಿ, ಹತ್ತಿ ಕದಿಯಾಕೆ ಬಂದಿದ್ಲು. ಅಮಲ್ದಾರ್ರು ಕೇಳಿದ್ರೆ ಅಷ್ಟು ಹೇಳಿಬಿಡ್ರಿ” ಎಂದ. ಪ್ರಸಾದವನ್ನೂ ನಂಬದ ದೊಡ್ಡಪ್ಪ ಅವನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಗ ನನಗೆ ದೊಡ್ಡಪ್ಪನ ಮೇಲೆಯೇ ಅನುಮಾನ ಬಂತು.

ಮುಂದಿನ ಸೋಮವಾರ ಜಗಲಿಯಲ್ಲಿ ಭಾರಿ ವಾದ. ತಪ್ಪು ಬಂದೂಕಿನದೋ, ಹಿಡಿದವನದೋ, ಕೂಸನ್ನು ಕೆಲಸಕ್ಕೆ ಕಳಿಸಿದ ತಾಯಿಯದೋ ಎಂದು ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದಾಗ ಸಿದ್ದವ್ವ ಬಂದು ಮೆಟ್ಟಿಲ ಕೆಳಗೆ ನಿಂತಳು.

“ನಿನ್ನ ಯಾರು ಕಳಿಸಿದ್ರವ್ವ?” ಎಂದರು ದೊಡ್ಡಪ್ಪ, ಹಳೆಯ ಚಾಳಿಯಂತೆ.

“ಯಾರೂ ಕಳಿಸಿಲ್ರಿ ಯಜಮಾನ್ರೆ. ನನ್ನ ಕಳಿಸಾಕೆ ಯಾರದಾರೆ?” ಅವಳ ಕಣ್ಣು ಅಂಗಳದಲ್ಲಿ ಮೆಲುಕು ಹಾಕುತ್ತಿದ್ದ ಎತ್ತುಗಳ ಮೇಲೆ ಹೋಯಿತು. “ಈ ಎತ್ತಿಗೆ ಸೋಮವಾರ ಐತೆ. ನನ್ನ ಗಂಗಿಗೆ ಯಾವ ವಾರ ಐತ್ರಿ? ನಿಮ್ಮ ಹತ್ತೀನೇ ಹೊತ್ತು ಹೊತ್ತು, ತಡೀಲಾರದೆ ಮಲಗಿದ್ಲು. ಈಗ ಕಳ್ಳಿ ಅಂತಾರೆ. ಕಾಲು ಹೋದ್ರೂ ಹೆಂಗೋ ಬದುಕ್ತಾಳೆ, ಕಳ್ಳಿ ಅನ್ನಿಸ್ಕಂಡು ಹೆಂಗೆ ಬದುಕ್ತಾಳ್ರಿ?”

ಬಾಗಿಲ ಹಿಂದೆ ನನಗೆ ಅಳು ಬಂದಿತ್ತು. ದೊಡ್ಡಪ್ಪ ಎತ್ತುಗಳತ್ತ ನೋಡಿ, ಎದ್ದು ರುಮಾಲು ಸುತ್ತಿಕೊಂಡರು.

“ಮೇಷ್ಟ್ರೆ, ಬರ್ರಿ, ಅಮಲ್ದಾರ್ರ ಕಚೇರಿಗೆ ಹೋಗಾಣ. ಬಂದೂಕಿಗೆ ಸಹಿ ಹಾಕಿದೋನು ನಾನು. ಆ ಕೂಸು ನನ್ನ ಹತ್ತಿ ಹೊರೋದನ್ನ ಕಣ್ಣಾರೆ ಕಂಡೋನೂ ನಾನೇ.”

“ಬಿಸಿಲು ಜೋರೈತೆ, ಬಂಡಿ ಕಟ್ಟಿಸ್ರಿ” ಎಂದರು ಯಾರೋ.

“ಇವತ್ತು ಸೋಮವಾರ ಕಣಯ್ಯ” ಎಂದು ದೊಡ್ಡಪ್ಪ ನಡೆದೇ ಹೋದರು.

ಕಳ್ಳಿ ಎಂಬ ಮಾತು ಅಲ್ಲಿಗೆ ನಿಂತಿತು. ಬಂದೂಕನ್ನು ಸರ್ಕಾರ ಹಿಂದಕ್ಕೆ ತೆಗೆದುಕೊಂಡಿತು. ನಮ್ಮ ಹತ್ತಿಯನ್ನು ಮಾತ್ರ ಆ ಕಾರ್ಖಾನೆ ಮತ್ತೆ ಮುಟ್ಟಲಿಲ್ಲ. ಗಂಗಿ ಕೊನೆಯವರೆಗೂ ಕಾಲೆಳೆದುಕೊಂಡೇ ನಡೆದಳು. ಮಕ್ಕಳ ಕಾಯಿದೆ ಬಂತೆಂದು ಮೇಷ್ಟ್ರು ಒಂದು ದಿನ ಓದಿದರು, ಆದರೆ ಅದಾದ ಮೇಲೂ ಮುಂಜಾವಿನಲ್ಲಿ ಆ ದಾರಿ ಹಿಡಿದು ಹೋಗುವ ಪುಟ್ಟ ಕಾಲುಗಳನ್ನು ನಾನು ಕಂಡಿದ್ದೇನೆ. ಆದ್ದರಿಂದ ಕಾಯಿದೆಗಳ ಮೇಲೂ ನನಗೆ ಪೂರ್ತಿ ನಂಬಿಕೆಯಿಲ್ಲ. ದೊಡ್ಡಪ್ಪನಿಗೆ ಒಂದು ಹೊಸ ಅಭ್ಯಾಸ ಹತ್ತಿಕೊಂಡಿತು. ಎಲ್ಲೇ ಹತ್ತಿಯ ರಾಶಿ ಕಂಡರೂ ಮುಟ್ಟುವ ಮೊದಲು ಬಾಗಿ, ‘ಒಳಗೆ ಯಾರವ್ವಾ?’ ಎಂದು ಕೂಗುವರು. ಮುದುಕನಿಗೆ ಅರಳುಮರಳು ಎಂದು ಊರು ನಗುತ್ತಿತ್ತು.

ಮೊನ್ನೆ ಸಾಬರು ಹತ್ತಿ ಬಡಿಯಲು ಕೋಲೆತ್ತಿದಾಗ ನಾನು “ತಡೀರಿ” ಎಂದೆ. ಗುಡ್ಡೆಯ ಬಳಿ ಬಾಗಿ, “ಒಳಗೆ ಯಾರವ್ವಾ?” ಎಂದು ಕೇಳಿದೆ.

“ಅಜ್ಜೀ, ಹತ್ತಿಯೊಳಗೂ ಕಳ್ಳರನ್ನ ಹುಡುಕ್ತೀಯಾ?” ಎಂದು ಮೊಮ್ಮಗಳು ನಕ್ಕಳು.

“ಕಳ್ಳರನ್ನಲ್ಲ ಕಣೆ, ನಿದ್ದೆ ಹೋದೋರನ್ನ” ಎಂದೆ.

ಸಾಬರು ನನ್ನ ಮುಖ ನೋಡಿದರು. ಕೋಲನ್ನು ಪಕ್ಕಕ್ಕಿಟ್ಟು, ಹತ್ತಿಯನ್ನು ಕೈಯಿಂದಲೇ ಮೆಲ್ಲಗೆ ಬಿಡಿಸತೊಡಗಿದರು.