ದೊಡ್ಡಮ್ಮನ ಮನೆಯ ಹೊನ್ನೆ ಕಂಬಗಳು

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಬಿಳಿಗೆರೆ ಹತ್ತಿರದ ನಮ್ಮ ಮನೆಯ ನಡುಮನೆ ಕಂಬಗಳಿಗೆ ಗೆದ್ದಲು ಹತ್ತಿತ್ತು. ಬುಡ ತಟ್ಟಿದರೆ ಹಿಟ್ಟು ಉದುರುತ್ತಿತ್ತು. ನನ್ನ ಗಂಡ ಸಿಮೆಂಟಿನ ತಾರಸಿ ಹಾಕಿಸೋಣ ಎಂದರು. ಮಾವ ಒಪ್ಪಲಿಲ್ಲ. "ಬ್ಯಾಸ್ಗೇಲಿ ಅದ್ರೊಳಗೆ ಬೇಯೋರ್ಯಾರು? ಮರದ ಮನೇನೇ ಇರ್ಲಿ ಬುಡು" ಎಂದರು.

ಮರ ಎಲ್ಲಿಂದ ತರುವುದೆಂಬ ವಿಷಯದಲ್ಲಿ ಮಾವ ಬಲು ಕಟ್ಟುನಿಟ್ಟು. ಹಿತ್ತಲಲ್ಲಿ ಎರಡು ದೊಡ್ಡ ಹಲಸಿನ ಮರ ಇದ್ದವು. ಫಲ ಕೊಡುವ ಮರಕ್ಕೆ ಕೊಡಲಿ ಹಾಕುವ ಮಾತೇ ಇಲ್ಲ ಎಂದುಬಿಟ್ಟರು. ಕಾಡಿನ ಮರ ಕದ್ದು ಕಡಿದು ತಂದುಕೊಡುವವರು ಸುತ್ತಮುತ್ತ ಇದ್ದರು; ಅವರನ್ನು ಜಗಲಿ ಹತ್ತಲೂ ಬಿಡಲಿಲ್ಲ. ಆಗ ಊರೂರಲ್ಲಿ ಹಳೆಯ ತೊಟ್ಟಿಮನೆ ಕೆಡವಿ ತಾರಸಿ ಕಟ್ಟುವ ಹುಚ್ಚು ಶುರುವಾಗಿತ್ತು. ಕೆಡವಿದ ಮನೆಯ ಮರ ಕೊಂಡರೆ ಹೊಸದಾಗಿ ಒಂದು ಗಿಡವನ್ನೂ ಕಡಿಯಬೇಕಾಗಿಲ್ಲ ಎಂಬುದು ಅವರ ಲೆಕ್ಕ. ತಿಪಟೂರಿನ ಒಬ್ಬ ಮರದ ದಲ್ಲಾಳಿಗೆ ಹೇಳಿಟ್ಟರು.

ಒಂದು ಮಧ್ಯಾಹ್ನ ಲಾರಿ ಬಂತು. ಕಂಬ, ತೊಲೆಗಳನ್ನೆಲ್ಲ ಅಂಗಳದಲ್ಲಿ ಇಳಿಸಿದರು. ಒಳ್ಳೆಯ ಹೊನ್ನೆ ಮರ. ನಾನು ಆಳುಗಳಿಗೆ ನೀರು ಕೊಡಲು ಹೋದವಳು ಒಂದು ಕಂಬದ ಮುಂದೆ ನಿಂತುಬಿಟ್ಟೆ. ಅದರ ಬುಡದಿಂದ ಮೊಣಕಾಲೆತ್ತರದಲ್ಲಿ ಮೂರು ಆಳವಾದ ಗೀರು, ಬಳೆ ಹಾಕಿದ ಹಾಗೆ. ಮಜ್ಜಿಗೆ ಕಡೆಯುವ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರು. ಆ ಗೀರಿನೊಳಗೆ ಬೆರಳಿಟ್ಟುಕೊಂಡು ಮಜ್ಜಿಗೆಗೆ ಕಾಯುತ್ತ ಕೂತಿದ್ದವಳು ನಾನೇ. ಹುಳಿಯಾರು ಕಡೆಯ ನನ್ನ ತವರಿನಲ್ಲಿ ನಮ್ಮ ಪಕ್ಕದ ಮನೆಯ ಕಂಬ ಅದು. ಆ ಮನೆಯಲ್ಲಿದ್ದ ಹೆಂಗಸನ್ನು ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ಗಂಡ ತೀರಿಹೋದ ಮೇಲೂ ಎರಡು ಎಮ್ಮೆ ಕಟ್ಟಿಕೊಂಡು, ಬೆಣ್ಣೆ ಮಾರಿ ಮಗಳನ್ನು ಮದುವೆ ಮಾಡಿಕೊಟ್ಟವಳು.

"ಮಾವ, ಇದು ನಮ್ಮ ದೊಡ್ಡಮ್ಮನ ಮನೆ ಕಂಬ. ಯಾರು ಮಾರಿದ್ದು?" ಎಂದೆ.

"ಅಣ್ಣ ತಮ್ಮ ಇಬ್ರು ನಿಂತು ಮಾರಿದ್ರು ಅಂತ ದಲ್ಲಾಳಿ ಅಂದ ಕಣಮ್ಮ. ಖಾಲಿ ಬಿದ್ದ ಮನೆಯಂತೆ."

ಆ ಇಬ್ಬರು ದೊಡ್ಡಮ್ಮನ ಮೈದುನರು. ಮನೆ ಖಾಲಿ ಇರಲು ಸಾಧ್ಯವೇ ಇಲ್ಲ ಎಂದು ನಾನು ಹೇಳಿದೆ. ನನ್ನ ಗಂಡ, "ತಂದಾಯ್ತಲ್ಲ, ಈಗ ಯಾಕೆ ಅದೆಲ್ಲ?" ಎಂದರು. ಆ ಮಾತು ಕೇಳಿ ಮೈಯೆಲ್ಲ ಉರಿಯಿತು. ಮಾರನೆಯ ದಿನ ಮೊದಲ ಬಸ್ಸಿಗೇ ತವರಿಗೆ ಹೊರಟೆ.

ಅಲ್ಲಿ ಮನೆ ಇರಲಿಲ್ಲ. ನಾಲ್ಕು ಮಣ್ಣಿನ ಗೋಡೆ, ಮೇಲೆ ಬರೀ ಆಕಾಶ. ಒಲೆಯ ಮೇಲೆ ಹೆಂಚಿನ ಚೂರು. ದೊಡ್ಡಮ್ಮ ಎಮ್ಮೆ ಕೊಟ್ಟಿಗೆಯಲ್ಲಿ ಪಾತ್ರೆ ಜೋಡಿಸುತ್ತಿದ್ದಳು. ಮಗಳ ಬಾಣಂತನಕ್ಕೆಂದು ತುರುವೇಕೆರೆಗೆ ಹೋಗಿ, ಎಮ್ಮೆಗಳನ್ನು ಮೈದುನರಿಗೇ ಒಪ್ಪಿಸಿ, ಬೀಗದ ಕೈಯನ್ನೂ ಅವರಿಗೇ ಕೊಟ್ಟಿದ್ದಳಂತೆ. ತಿರುಗಿ ಬರುವಷ್ಟರಲ್ಲಿ ಹೀಗೆ.

"ಹೆಂಚು ಸೋರ್ತಾವೆ, ರಿಪೇರಿ ಮಾಡಿಸ್ತೀವಿ ಅಂದಿದ್ರು ಕಣೇ" ಎಂದಳು. ಅಳಲಿಲ್ಲ. "ಗಂಡು ಮಕ್ಳಿಲ್ದೋಳಿಗೆ ಅಷ್ಟು ದೊಡ್ಡ ಮನೆ ಯಾಕೆ, ಮಗಳ ಮನೇಲಿ ಇದ್ಬುಡು ಅಂತಾರೆ. ನಾನು ಯಾಕ್ ಹೋಗ್ಲಿ? ಗೋಡೆ ಐತೆ, ಇಲ್ಲೇ ಇರ್ತೀನಿ."

ಊರಿನವರೆಲ್ಲ ನೋಡಿದ್ದರು. ಹೆಂಚು ಇಳಿಸುವಾಗ ನೋಡಿದ್ದರು, ಲಾರಿಗೆ ಏರಿಸುವಾಗ ಕೆಲವರು ಕೈಯನ್ನೂ ಕೊಟ್ಟಿದ್ದರು. ನನ್ನ ಅಣ್ಣನೂ ನೋಡಿದ್ದ. ಯಾಕೆ ಸುಮ್ಮನಿದ್ದೆ ಎಂದು ಕೇಳಿದರೆ, "ಅವ್ರ ಮನೆ ವಿಚಾರ, ನಮ್ಗ್ಯಾಕೆ?" ಎಂದ. ಅವಳ ಮಜ್ಜಿಗೆ ಕುಡಿಯುವಾಗ ಯಾರಿಗೂ ಅದು ಅವರ ಮನೆ ವಿಚಾರ ಆಗಿರಲಿಲ್ಲ. ಅವತ್ತು ಅಣ್ಣನ ಮನೆಯಲ್ಲಿ ಊಟ ಮಾಡದೆ ವಾಪಸ್ಸು ಬಂದೆ.

ನಾನು ಬರುವಷ್ಟರಲ್ಲಿ ಆಚಾರಿ ದೊಡ್ಡ ತೊಲೆಯನ್ನು ಕುಯ್ದು ಹಲಗೆ ಮಾಡಿಬಿಟ್ಟಿದ್ದ. ಅಂಗಳದ ತುಂಬ ಕೆಂಪು ಪುಡಿ. ಮಾವನ ಮುಂದೆ ನಿಂತು ನೋಡಿದ್ದನ್ನೆಲ್ಲ ಹೇಳಿದೆ. "ಈ ಕಂಬ ಎಬ್ಬಿಸಿದ್ರೆ ನಾನು ಈ ಮನೇಲಿ ಒಲೆ ಹಚ್ಚಲ್ಲ" ಎಂದೆ. ಮಾವನೆದುರು ನಾನು ಹಾಗೆ ದನಿ ಎತ್ತಿದ್ದು ಅದೇ ಮೊದಲು. ಗಂಡ ಗದರಲು ಬಂದರು. ಮಾವ ಕೈ ಅಡ್ಡ ಹಿಡಿದರು.

"ಗಿಡ ಕಡೀಬಾರ್ದು ಅಂತ ಹೋಗಿ ಒಂದು ಹೆಂಗ್ಸಿನ ಸೂರು ಕಿತ್ಕೊಂಡ್ ಬಂದ್ನಲ್ಲ" ಎಂದರು. ಆಮೇಲೆ ಆಚಾರಿಗೆ ಗರಗಸ ಕೆಳಗಿಡಲು ಹೇಳಿದರು.

ಉಳಿದ ಮರವನ್ನೆಲ್ಲ ಲಾರಿಗೆ ಏರಿಸಿ, ಆಚಾರಿಯನ್ನೂ ಕೂರಿಸಿಕೊಂಡು ನಾವು ಹೋದೆವು. ಕುಯ್ದ ತೊಲೆಗೆ ಬದಲಾಗಿ, ಕಾಯಿ ಬಿಡುವುದು ನಿಂತಿದ್ದ ನಮ್ಮ ತೋಟದ ಮುದಿ ತೆಂಗನ್ನು ಮಾವ ಸೀಳಿಸಿ ತಂದಿದ್ದರು. ಲಾರಿ ನಿಂತ ಕೂಡಲೇ ಮೈದುನರು ಓಡಿ ಬಂದರು.

"ಮಾರಿದ್ದಾಯ್ತು. ನಾವು ದುಡ್ಡು ವಾಪಸ್ ಕೊಡಲ್ಲ ಕಣ್ರೀ" ಎಂದ ದೊಡ್ಡವನು.

"ನಿನ್ನನ್ನ ಯಾರಪ್ಪ ಕೇಳಿದ್ರು? ಮರ ನಂದು. ಎಲ್ಲಿ ಬೇಕೋ ಅಲ್ಲಿ ನಿಲ್ಲಿಸ್ತೀನಿ" ಎಂದರು ಮಾವ.

ಚಿಕ್ಕವನು ನನ್ನ ಕಡೆ ತಿರುಗಿ, "ಇದೆಲ್ಲ ಹಚ್ಚಿಕೊಟ್ಟಿದ್ದು ನೀನೇ ತಾನೆ? ಕೊಟ್ಟ ಹೆಣ್ಣು ಕೊಟ್ಟ ಮನೇಲಿರ್ಬೇಕು" ಎಂದ.

"ನಿಮ್ಮತ್ತಿಗೇನೂ ಈ ಮನೆಗೆ ಕೊಟ್ಟ ಹೆಣ್ಣೇ. ಅವ್ಳು ಇಲ್ಲೇ ಇರ್ತಾಳೆ, ದಾರಿ ಬುಡು" ಎಂದೆ.

ಅವನು ದಾರಿ ಬಿಟ್ಟ. ಜನ ಸೇರಿದ್ದರು, ಅದಕ್ಕೆ ಬಿಟ್ಟ. ದೊಡ್ಡ ಮನೆಯನ್ನು ಮತ್ತೆ ಎಬ್ಬಿಸಲು ಆಗಲಿಲ್ಲ. ಕೀಳುವಾಗ ಎಷ್ಟೋ ಮರ ಸೀಳಿಹೋಗಿತ್ತು, ಹೆಂಚುಗಳನ್ನು ಅವರು ಬೇರೆಯವರಿಗೆ ಮಾರಿದ್ದರು. ಅಡಿಗೆಮನೆ ಮತ್ತು ಅದರ ಮುಂದಿನ ಪಡಸಾಲೆಗೆ ಮಾತ್ರ ಸೂರು ಬಂತು. ದೊಡ್ಡಮ್ಮ ಸಾಯುವವರೆಗೂ ಅಲ್ಲೇ ಇದ್ದಳು.

ನಮ್ಮ ನಡುಮನೆ ಎರಡು ವರ್ಷ ತಡವಾಯಿತು. ಅಷ್ಟರಲ್ಲಿ ಹೊಲದ ಬದುವಿನಲ್ಲಿ ನಿಂತಲ್ಲೇ ಒಣಗಿದ್ದ ಬೇವಿನ ಮರಗಳಿಂದ ಕಂಬ ಮಾಡಿಸಿದೆವು. ಆ ಜಾಗದಲ್ಲಿ ಮಾವ ಬೇವಿನ ಸಸಿ ನೆಟ್ಟು ಮುಳ್ಳು ಕಟ್ಟಿದರು.

ಈಗ ತವರಿನಲ್ಲಿ ಈ ಕಥೆ ಹೇಳುವವರು ನಮ್ಮ ಮಾವನನ್ನು ಹೊಗಳಿ ಮುಗಿಸುತ್ತಾರೆ. ಎಂಥ ದೊಡ್ಡ ಮನುಷ್ಯ, ಕೊಂಡ ಮರ ತಂದು ಬಿಟ್ಟಿ ಕೊಟ್ಟ ಎನ್ನುತ್ತಾರೆ. ಕಿತ್ತವರ ಸುದ್ದಿ ಯಾರೂ ಎತ್ತುವುದಿಲ್ಲ. ಅವರಿಗೆ ಏನೂ ಆಗಲಿಲ್ಲ. ಚಿಕ್ಕವನು ಊರಿನ ನ್ಯಾಯ ಪಂಚಾಯಿತಿಗಳಲ್ಲಿ ಮುಂದೆ ಕೂತು ತೀರ್ಪು ಹೇಳಿದ. ನನ್ನ ಅಣ್ಣನ ಮಗಳ ಮದುವೆಯಲ್ಲಿ ಅಕ್ಷತೆ ಹಾಕಿ ಇಳಿದು ಬಂದವನು, "ಚೆನ್ನಾಗಿದ್ದೀಯೇನವ್ವ?" ಎಂದು ನನ್ನನ್ನು ಕೇಳಿದ. ನಾನು ಮುಖ ತಿರುಗಿಸಿದೆ. ಪಕ್ಕದಲ್ಲಿದ್ದ ಅತ್ತಿಗೆ, ಹಿರಿಯರು ಮಾತಾಡಿಸಿದರೆ ಹಾಗೆ ಮಾಡುವುದೇ ಎಂದು ನನ್ನನ್ನೇ ಬೈದಳು.