ಮನೆಮನೆಯ ನಡಿಗೆ ಅಳೆಯುವ ಹನುಮವ್ವ

ಬೆಳಗಿನ ಆರೂವರೆ. ಗರಗದ ಖಾದಿ ನೇಕಾರ ಬೀರಲಿಂಗಪ್ಪನವರ ಪಡಸಾಲೆಯಲ್ಲಿ ಹನುಮವ್ವ ಮೊಣಕಾಲೂರಿ ಕೂತಿದ್ದಾರೆ. ಬೀರಲಿಂಗಪ್ಪನವರ ಸೊಂಟಕ್ಕೊಂದು, ಕಣಕಾಲುಗಳಿಗೆ ಒಂದೊಂದು ಪಟ್ಟಿ ಬಿಗಿಯುತ್ತಾರೆ. ಪ್ರತಿ ಪಟ್ಟಿಯಲ್ಲೂ ಬೆಂಕಿಪೊಟ್ಟಣದಷ್ಟು ಯಂತ್ರ.

"ಇನ್ನೂ ಗುಳಿಗಿ ನುಂಗಿಲ್ಲ ಹೌದಲ್ರಿ ಕಾಕಾ?"

ಕಾಕಾ ತಲೆಯಾಡಿಸಿದ ಮೇಲೆಯೇ ಗುಂಡಿ ಒತ್ತುತ್ತಾರೆ. ಮೊದಲ ಗುಳಿಗೆಗೆ ಮುಂಚಿನ ನಡಿಗೆ ವೈದ್ಯರಿಗೆ ಬೇಕು. ಹನುಮವ್ವ ಹುಬ್ಬಳ್ಳಿಯಿಂದ ಮೊದಲ ಬಸ್ಸು ಹಿಡಿಯುವುದು ಅದಕ್ಕೇ.

ಹುಬ್ಬಳ್ಳಿಯ ನರರೋಗ ಆಸ್ಪತ್ರೆಯೊಂದರಲ್ಲಿ ಅವರು ಹತ್ತೊಂಬತ್ತು ವರ್ಷಗಳಿಂದ ಆಯಾ. ಎರಡು ವರ್ಷದ ಹಿಂದೆ, ೨೦೦೭ರಲ್ಲಿ, ಈ ಪಟ್ಟಿಗಳು ಬಂದಾಗ ಊರೂರು ಅಲೆಯಲು ಯಾರೂ ಒಪ್ಪಲಿಲ್ಲ. ಇವರು ಚೀಲ ಹೆಗಲಿಗೇರಿಸಿದರು. ದಿನಕ್ಕೆ ಎರಡು ಮನೆ, ಒಂದರಲ್ಲಿ ಪಟ್ಟಿ ಕಟ್ಟುವುದು, ಇನ್ನೊಂದರಿಂದ ಬಿಚ್ಚಿ ತರುವುದು; ಈವರೆಗೆ ನಲವತ್ತೆರಡು ರೋಗಿಗಳು. ಯಂತ್ರ ದಿನವಿಡೀ ಹೆಜ್ಜೆ, ತೂರಾಟ, ಮುಗ್ಗರಿಕೆ ಎಲ್ಲವನ್ನೂ ಗುರುತಿಸಿ ಮೊಬೈಲ್ ಮೂಲಕ ಆಸ್ಪತ್ರೆಯ ಕಂಪ್ಯೂಟರಿಗೆ ಕಳಿಸುತ್ತದೆ.

"ಡಾಕ್ಟರ ಮುಂದ ಹತ್ತ ಹೆಜ್ಜಿ ಎಲ್ಲಾರೂ ನೆಟ್ಟಗ ಹಾಕ್ತಾರ್ರಿ. ಮನ್ಯಾಗ ಹಾಕೂದು ಖರೇ ಹೆಜ್ಜಿ," ಎನ್ನುತ್ತಾರೆ. ಹುಬ್ಬಳ್ಳಿ ಹತ್ತಿರದ ಸುಳ್ಳ ಗ್ರಾಮದಲ್ಲಿದ್ದ ಅವರ ತಾಯಿ ದಿನಾ ಬೀಳುತ್ತಿದ್ದುದನ್ನು ಮುಚ್ಚಿಟ್ಟಿದ್ದರು. ಸೊಂಟದ ಚಪ್ಪೆ ಎಲುಬು ಮುರಿದು ಹಾಸಿಗೆ ಹಿಡಿದ ಮೇಲಷ್ಟೇ ಮಗಳಿಗೆ ಗೊತ್ತಾಯಿತು. ಆಮೇಲೆ ತಾಯಿ ಏಳಲೇ ಇಲ್ಲ.

ಬೀರಲಿಂಗಪ್ಪನವರಿಗೆ ಕಂಪವಾತ. ಕಳೆದ ಚಳಿಗಾಲದಲ್ಲಿ ಅವರ ನಡಿಗೆ ಇದ್ದಕ್ಕಿದ್ದಂತೆ ಸುಧಾರಿಸಿತೆಂದು ಕಂಪ್ಯೂಟರ್ ಹೇಳಿತು. ವೈದ್ಯರು ಖುಷಿಯಾಗಿ ಗುಳಿಗೆ ಕಡಿಮೆ ಮಾಡಲು ಹೊರಟರು. ಅದೇ ವಾರ ಪಟ್ಟಿ ವಾಪಸು ತರಲು ಹೋದ ಹನುಮವ್ವ ಪಟ್ಟಿಯ ತೂತುಗಳನ್ನು ಎಣಿಸಿದರು. ತಾವು ಐದನೇ ತೂತಿಗೆ ಬಿಗಿದಿದ್ದ ಸೊಂಟದ ಪಟ್ಟಿ ಎರಡನೇ ತೂತಿನಲ್ಲಿತ್ತು. ಕಾಕಾ ಕಡ್ಡಿಯಂಥ ಮನುಷ್ಯ. ಅವರ ಹೆಂಡತಿ ಮುರಿಗೆವ್ವ ಮೈಕೈ ತುಂಬಿಕೊಂಡವರು.

"ಅಕ್ಕಾರ, ಇದನ್ನ ನೀವು ಕಟ್ಕೊಂಡಿದ್ರೇನು?"

ಮುರಿಗೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೌದ ತಂಗಿ. ಡಾಕ್ಟರು ಮಗ್ಗಕ್ಕ ಕೂಡೂದು ಬಿಡಸ್ತಾರಂತ ಇವರು ಹೆದರಿಕೊಂಡಾರ. ನಾನಽ ಕಟ್ಕೊಂಡು ಓಡಾಡಿದೆ."

ಬೀರಲಿಂಗಪ್ಪನವರು ನಡುಗುವ ಕೈಯಿಂದ ಹನುಮವ್ವನ ಕೈ ಹಿಡಿದರು. "ಹೇಳಬ್ಯಾಡ ಯವ್ವಾ. ಮಗ್ಗ ಬಿಟ್ಟರ ನನ್ನ ಕೂಡ ಏನ ಉಳೀತು?"

ಬಸ್ಸಿನಲ್ಲಿ ಕೂತರೂ ಆ ಕೈಯ ನಡುಕ ಹನುಮವ್ವನ ಕೈಯಲ್ಲೇ ಇತ್ತು. ಹೇಳಿದರೆ ನಂಬಿದವರಿಗೆ ಎರಡು ಬಗೆದಂತೆ. ಹೇಳದಿದ್ದರೆ ಗುಳಿಗೆ ಕಡಿಮೆಯಾಗಿ ಆ ಮನುಷ್ಯ ಬೀಳುವುದು ಖಂಡಿತ. ತಾಯಿಯ ನೆನಪಾಯಿತು. ಮಧ್ಯಾಹ್ನ ಅವರು ವೈದ್ಯರ ಕೋಣೆಗೆ ಹೋಗಿ ಎಲ್ಲ ಹೇಳಿದರು. ಜೊತೆಗೇ ಕೇಳಿಕೊಂಡರು: "ಮಗ್ಗ ಮಾತ್ರ ಬಿಡಸಬ್ಯಾಡ್ರಿ ಸಾಹೇಬ್ರ. ಕೂತಾಗ ಅವ್ರು ಬೀಳಂಗಿಲ್ಲ, ಏಳೂಮುಂದ ಬೀಳ್ತಾರ."

ಗುಳಿಗೆ ಕಡಿಮೆಯಾಗಲಿಲ್ಲ, ನುಂಗುವ ಹೊತ್ತು ಬದಲಾಯಿತು. ಹಿಡಿದು ಏಳಲು ಮಗ್ಗದ ಪಕ್ಕದ ಗೋಡೆಗೆ ಕಟ್ಟಿಗೆಯ ಹಿಡಿ ಬಂತು. ಮಗ್ಗ ನಿಲ್ಲಲಿಲ್ಲ. ಆದರೂ ಮುಂದಿನ ಮೂರು ಸಲ ಹೋದಾಗ ಕಾಕಾ ಹನುಮವ್ವನನ್ನು ಮಾತನಾಡಿಸಲಿಲ್ಲ. ನಾಲ್ಕನೇ ಸಲ ಪಟ್ಟಿ ಕಟ್ಟಿಸಿಕೊಳ್ಳಲು ತಾವಾಗಿಯೇ ಎರಡೂ ಕೈ ಎತ್ತಿ ನಿಂತರು.

ಆಸ್ಪತ್ರೆಯ ವರದಿಯಲ್ಲಿ ಹನುಮವ್ವನ ಹೆಸರಿಲ್ಲ. ಅವರಿಗೆ ಅದರ ಚಿಂತೆಯೂ ಇಲ್ಲ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟ ಅವರಿಗೆ ಬೇರೊಂದು ಆಸೆಯಿದೆ.

"ಕಂಪ್ಯೂಟರಿನ್ಯಾಗ ಮೂಡತಾವಲ್ರಿ, ಆ ಗೆರಿ ಓದೂದು ಕಲೀಬೇಕು. ಇಷ್ಟ ಮಂದಿ ನನ್ನ ನಂಬಿ ಸೊಂಟ ಕೊಡ್ತಾರ. ಅವ್ರ ಸುದ್ದಿ ಮೊದಲ ನನಗ ತಿಳೀಬೇಕಲ್ರಿ?"