ಎರಡನೇ ಡೋಸ್ ಕೇಳಿದ ಧ್ವನಿ

ಮೊದಲು ಕೆಂಪಾದದ್ದು ಕಣ್ಣು. ನವಲಿಯ ನಮ್ಮ ಗದ್ದೆಯಲ್ಲಿ ಭತ್ತದ ನಾಟಿ ಮುಗಿದಿತ್ತು. ನನ್ನ ಹಿಮ್ಮಡಿ ಒಡೆದಿತ್ತು. ಮೀನಖಂಡ ಹಿಡಿದುಕೊಂಡಿತ್ತು. ಜ್ವರಕ್ಕೊಂದು ಗುಳಿಗೆ ನುಂಗಿ ಮಲಗಿದೆ.

ಎಚ್ಚರವಾದಾಗ ಅತ್ತೆ ನನ್ನ ಪಾದಕ್ಕೆ ಅರಿಶಿನ ಹಚ್ಚುತ್ತಿದ್ದರು.

ನನ್ನ ಅಡುಗೆಯನ್ನು ಒಂದು ದಿನವೂ ಛಲೋ ಅನ್ನದ ಅತ್ತೆ! ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನಗು ಬಂತು. ಅವರು ಬಾಗಿಲಲ್ಲಿ ನೆರೆದ ಹೆಂಗಸರಿಗೆ, “ಹೇಮಗುಡ್ಡದ ಅಮ್ಮ, ದೇವಿ, ಇಕಿ ಮೈಮ್ಯಾಗ ಬಂದಾಳ. ಕಣ್ಣು ನೋಡ್ರಿ, ಹೆಂಗ ಉರಿಯಾಕತ್ತಾವ,” ಎಂದರು. ಕನ್ನಡಿ ನೋಡಿಕೊಂಡೆ. ಗೀಜಿಲ್ಲ, ನೋವಿಲ್ಲ, ಬರೀ ಕೆಂಪು. ನನಗೆ ನನ್ನದೇ ಹೆದರಿಕೆಯಾಯಿತು. ಒಬ್ಬಾಕೆ ಕೈಮುಗಿದು, “ನನ್ನ ಮಗಳಿಗೆ ಗಂಡು ಯಾವಾಗ ಸಿಗ್ತಾನವ್ವಾ?” ಎಂದಳು.

“ಸುಗ್ಗಿಗೆ,” ಎಂದಿತು ನನ್ನ ಬಾಯಿ.

ಕೊಪ್ಪಳದ ಕೆಲಸದಿಂದ ಬಂದ ಗಂಡ ನನ್ನನ್ನು ಗಂಗಾವತಿಯ ಆಸ್ಪತ್ರೆಗೆ ಒಯ್ದರು. ಡಾಕ್ಟರ್ ಮೀನಖಂಡ ಒತ್ತಿದರು, ಚೀರಿದೆ. “ಇಲಿ ಜ್ವರ ಇದು. ಇಲಿ ಉಚ್ಚಿ ಗದ್ದಿ ನೀರಾಗ ಬೆರೆತು ಒಡೆದ ಹಿಮ್ಮಡಿಯಿಂದ ಒಳಗ ಹೊಕ್ಕೈತಿ. ಪೆನ್ಸಿಲಿನ್ ಕೊಡ್ತೀವ್ರಿ,” ಎಂದರು. ಟೆಸ್ಟ್ ಡೋಸಿಗೆ ಏನೂ ಆಗಲಿಲ್ಲ. ಮೊದಲ ಡೋಸ್ ಹೋಯಿತು.

ಅದೇ ಮಧ್ಯಾಹ್ನ, ರಣಬಿಸಿಲಿನಲ್ಲಿ, ನಡುಕ ಶುರುವಾಯಿತು. ಮಂಚ ಕಟಕಟ ಎನ್ನುತ್ತಿತ್ತು. ಜ್ವರ ಮೊದಲಿಗಿಂತ ಏರಿತು. ಜೊತೆಗೆ ಬಂದಿದ್ದ ಅತ್ತೆ ಸಲೈನ್ ನಳಿಕೆ ಕೀಳಲು ಹಿಡಿದು ನಿಂತರು.

“ಅಮ್ಮ ಸಿಟ್ಟಾಗ್ಯಾಳ. ಇನ್ನೊಂದು ಸೂಜಿ ಚುಚ್ಚಿದ್ರ ಇಕಿನ್ನ ಒಯ್ತಾಳ. ಮನಿಗೆ ನಡೀರಿ!”

“ಸೂಜಿಗೆ ಜ್ವರದ ಹುಳಾ ಒಮ್ಮಿಗೇ ಸಾಯಾಕತ್ತಾವ್ರಿ ಯವ್ವಾ, ಅವುಗಳ ವಿಷಕ್ಕ ನಡುಗ್ತಾಳ. ಸಂಜಿಗೆ ಇಳಿತೈತಿ,” ಎಂದರು ಡಾಕ್ಟರ್. “ಮುಂದಿನ ಡೋಸ್ ಬಿಟ್ರ ಕಿಡ್ನಿ ಹೋಗ್ತಾವ. ಜೀವಾನೂ ಹೋದೀತು.”

ಗಂಡ ಅವ್ವನ ಮುಖ ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ಬಗ್ಗಿ ಚಪ್ಪಲಿ ಹುಡುಕತೊಡಗಿದರು.

ನನಗೆ ಬದುಕಬೇಕಿತ್ತು. ಸೊಸೆಯ ಮಾತು ಯಾರೂ ಕೇಳುವುದಿಲ್ಲ, ಅಮ್ಮನ ಮಾತು ಕೇಳುತ್ತಾರೆ ಎಂದು ಆ ನಡುಕದಲ್ಲೂ ಹೊಳೆಯಿತು. ಕಣ್ಣು ಅಗಲಿಸಿದೆ. ನಾಟಕ ಆಡಲೆಂದೇ ಬಾಯಿ ತೆರೆದೆ. ಹೊರಬಿದ್ದ ಧ್ವನಿ ದಪ್ಪಗಿತ್ತು, ಮುದಿಯಾಗಿತ್ತು.

“ಸಾವಂತ್ರೀ! ಸೂಜಿ ಹಾಕ್ಸು!”

ನನ್ನ ಅತ್ತೆಯ ಹೆಸರು ಗೌರಮ್ಮ. ಆದರೂ ನಳಿಕೆ ಅವರ ಕೈಯಿಂದ ಜಾರಿತು.

ಎರಡನೇ ಡೋಸ್ ಬಿತ್ತು, ಮುಂದಿನವೂ ಬಿದ್ದವು. ಜ್ವರ ಬಿಟ್ಟಿತು, ಕಣ್ಣು ಬೆಳ್ಳಗಾದವು, ಕಿಡ್ನಿ ಉಳಿದವು. ಆ ಡಾಕ್ಟರಿಗೂ ಪೆನ್ಸಿಲಿನ್‌ಗೂ ದಿನಾ ಕೈಮುಗಿಯುತ್ತೇನೆ.

ಮನೆಗೆ ಬಂದ ಮೇಲೆ ತಡೆಯಲಾಗದೆ ಹೇಳಿಬಿಟ್ಟೆ. “ಅತ್ತಿ, ಅವತ್ತು ನಾನು ಸೋಗು ಹಾಕಿದ್ದೆ ರೀ.”

ಅವರು ಸಿಟ್ಟಾಗಲಿಲ್ಲ. “ಯಲಬುರ್ಗಾದ ತವರಿನಾಗ ನನ್ನ ಹೆಸರು ಸಾವಂತ್ರಿ. ಮದುವಿ ದಿನ ಈ ಮನಿಯವರು ಗೌರಮ್ಮ ಅಂತ ಬದಲಿಸಿದ್ರು. ನನ್ನ ಮಗಗೂ ಗೊತ್ತಿಲ್ಲ. ಹಂಗ ಕರೀತಿದ್ದಾಕಿ ನಮ್ಮವ್ವ, ಸತ್ತು ಭಾಳ ವರ್ಷ ಆತು.” ಹತ್ತಿರ ಸರಿದು ಕುಳಿತರು. “ಇನ್ನೊಮ್ಮಿ ಹಂಗ ಕರಿ, ಯವ್ವಾ.”

“ಸಾವಂತ್ರೀ,” ಎಂದು ಕರೆದೆ. ಸಣ್ಣ, ಹೆದರಿದ ಧ್ವನಿ ಬಂತು.

“ಇದಲ್ಲ,” ಎಂದು ಅತ್ತೆ ಎದ್ದು ಒಳಗೆ ಹೋದರು. ನನಗೆ ಮಾತ್ರ, ಬಂದದ್ದು ನನ್ನದೇ ಧ್ವನಿ ಎಂದು ಹೋದ ಜೀವ ಬಂದಂತಾಯಿತು.